ಇಂಚಿನ ಬೇರಿಂಗಿಗಾಗಿ ಅಲೆದದ್ದು: ನನ್ನ ಅನುಭವ

ಅರಸೀಕೆರೆ ಕಡೆಯ ಹಿಟ್ಟಿನ ಗಿರಣಿಯೊಂದರ 3 ಎಚ್‌ಪಿ ಮೋಟರ್ ಮೋಟರಿಗೆ ತಂತಿ ಸುತ್ತಿ ರಿಪೇರಿ ಮಾಡುವ ನನ್ನ ರೀವೈಂಡಿಂಗ್ ಅಂಗಡಿಗೆ ಬಂದಾಗ, ಅದನ್ನು ಗುಜರಿಗೆ ಹಾಕುವುದೇ ಲೇಸೆಂದು ಹೇಳದವರಿಲ್ಲ. ಕ್ರಾಂಪ್ಟನ್ ಪಾರ್ಕಿನ್ಸನ್ ಎಂಬ ಹಿತ್ತಾಳೆ ಫಲಕವಿದ್ದ, ಇಂಗ್ಲೆಂಡಿನಲ್ಲಿ ತಯಾರಾದ ತ್ರೀ ಫೇಸ್ ಮೋಟರ್ ಅದು. ಗುಜರಿಯವನು ಸುಮಾರು 3,500 ರೂಪಾಯಿ ಕೊಡಲು ಸಿದ್ಧನಿದ್ದ. ಹೊಸದಕ್ಕೆ 12,000ದ ಆಸುಪಾಸು ಬೀಳುತ್ತಿತ್ತು. ವೈಂಡಿಂಗ್ ಸುಟ್ಟಿರಲಿಲ್ಲವೆಂಬುದೊಂದೇ ನನ್ನ ಧೈರ್ಯ. ತಂತಿಯ ಇನ್ಸುಲೇಷನ್ ಅಳೆಯುವ ಮೆಗ್ಗರ್ ಮೊದಲು 2 ಮೆಗಾಓಮ್ ಕೂಡ ತೋರಿಸಲಿಲ್ಲವಾದರೂ, ಸ್ಟೇಟರಿನೊಳಗೆ (ಮೋಟರಿನ ತಿರುಗದ ಹೊರಭಾಗದೊಳಗೆ) 200 ವ್ಯಾಟಿನ ಬಲ್ಬ್ ಇಟ್ಟು ಎರಡು ರಾತ್ರಿ ಒಣಗಿಸಿದ ಮೇಲೆ 30ರವರೆಗೆ ಏರಿತು.

ತೊಂದರೆ ಇದ್ದದ್ದು ಬೇರಿಂಗಿನಲ್ಲಿ. ಪುಲ್ಲರ್ ಹಾಕಿ ಕಳಚಿ ವರ್ನಿಯರ್ ಹಿಡಿದರೆ ಒಳವ್ಯಾಸ 25.4, ಹೊರವ್ಯಾಸ 57.15, ಅಗಲ 15.9 ಮಿ.ಮೀ. ಈಗಿನ ಮಿ.ಮೀ. ಲೆಕ್ಕದ 6205 ಬೇರಿಂಗಿನ ಅಳತೆ 25, 52, 15 ಎಂಬುದು ನಮ್ಮ ಕಸುಬಿನವರಿಗೆಲ್ಲ ಬಾಯಿಪಾಠ. ಶಾಫ್ಟನ್ನು 0.4 ಮಿ.ಮೀ. ಇಳಿಸಿ, ಬೇರಿಂಗ್ ಕೂರುವ ಎಂಡ್ ಕವರಿಗೆ ಬುಷ್ ಎಂಬ ಲೋಹದ ಬಳೆ ಹಾಕಿ 6205 ಕೂರಿಸೆಂದು ಎಲ್ಲರೂ ಸಲಹೆ ಕೊಟ್ಟರು. ಶಾಫ್ಟ್ ಮುಟ್ಟಲು ನನಗೆ ಮನಸ್ಸಾಗಲಿಲ್ಲ. ಅದರ ಬದಲು ಬುದ್ಧಿವಂತಿಕೆ ತೋರಿಸಲು ಹೋಗಿ, 6205ರ ಒಳರಿಂಗನ್ನೇ ಗ್ರೈಂಡಿಂಗಿನವರಿಂದ 25.4ಕ್ಕೆ ದೊಡ್ಡದು ಮಾಡಿಸಿ, ಎರಡೂ ಕವರಿಗೆ ಬುಷ್ ಹೊಡೆಸಿದೆ. ಟೆಸ್ಟಿಗಿಟ್ಟ 20 ನಿಮಿಷಕ್ಕೆ ಗ್ರೀಸ್ ಸುಟ್ಟ ವಾಸನೆ ಬಂತು. ಬಿಚ್ಚಿ ನೋಡಿದರೆ ಬೇರಿಂಗ್ ಬಿಗಿದುಕೊಂಡು ನೀಲಿಯಾಗಿತ್ತು. ಅದಕ್ಕಿಂತ ಬೇಸರವಾದದ್ದು ಸ್ಟೇಟರಿನ ಒಂದು ಮಗ್ಗುಲಲ್ಲಿ ಕಂಡ ಹೊಳೆಯುವ ಗೆರೆ: ಬುಷ್ಷಿನ ಸೆಂಟರ್ ಕೂದಲೆಳೆಯಷ್ಟು ತಪ್ಪಿ, ಒಳಗೆ ತಿರುಗುವ ರೋಟರ್ ಅದಕ್ಕೆ ಉಜ್ಜಿತ್ತು. ಸುಮಾರು 2,200 ರೂಪಾಯಿ ನನ್ನ ಕೈಯಿಂದಲೇ ಹೋಯಿತು. ಗಿರಣಿಯವರ ಬಳಿ ಕೇಳಲು ಮುಖವಿರಲಿಲ್ಲ.

ಆಮೇಲಷ್ಟೇ ಹಳೆಯ ಬೇರಿಂಗನ್ನು ಸರಿಯಾಗಿ ನೋಡಿದೆ. ಸೀಮೆಎಣ್ಣೆಯಲ್ಲಿ ತೊಳೆದು, ಅಂಚಿಗೆ ಸೀಮೆಸುಣ್ಣದ ಪುಡಿ ತಿಕ್ಕಿ, ಟಾರ್ಚನ್ನು ಓರೆಯಾಗಿ ಹಿಡಿದಾಗ ಹಾಫ್‌ಮನ್ ಎಂಬ ಹೆಸರೂ ಎಲ್‌ಎಸ್ 10 ಎಂಬ ನಂಬರೂ ಬಿಳಿಯಾಗಿ ಎದ್ದು ಬಂದವು. ಆ ಬೇರಿಂಗನ್ನು ಜೇಬಿಗೆ ಹಾಕಿಕೊಂಡು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹತ್ತು ಹನ್ನೆರಡು ಅಂಗಡಿ ಹತ್ತಿಳಿದೆ. ಹೆಚ್ಚಿನವರು ತಲೆಯೆತ್ತಿಯೂ ನೋಡಲಿಲ್ಲ. ಒಬ್ಬ ಹಿರಿಯರು ಮಾತ್ರ, "ಇದು ಇಂಚಿನ ಮಾಲು ಸ್ವಾಮಿ, ಆರ್‌ಎಲ್‌ಎಸ್ 8 ಅಂತಲೋ ಎಲ್‌ಜೆ 1 ಅಂತಲೋ ಕೇಳಿ, ಮೂರೂ ಒಂದೇ," ಎಂದರು. ತಯಾರಕರು ಬೇರೆಯಾದಂತೆ ನಂಬರ್ ಬೇರೆ. ಅಳತೆ ಮಾತ್ರ ಒಂದಿಂಚು, ಎರಡೂಕಾಲಿಂಚು, ಐದು ದೋರೆ (ಐದು ಬೈ ಎಂಟು ಇಂಚು). ಅವರ ಬಳಿ ಮಾಲಿರಲಿಲ್ಲ.

ಹೊಳೆದದ್ದು ಹಿಂತಿರುಗುವ ರೈಲಿನಲ್ಲಿ. ಹಳೆಯ ಇಂಗ್ಲಿಷ್ ಮೋಟರ್ ಸೈಕಲ್ಲುಗಳಲ್ಲೂ ಇಂಚಿನ ಬೇರಿಂಗುಗಳೇ ಇರುತ್ತಿದ್ದವಾದ್ದರಿಂದ, ಅಂಥ ಗಾಡಿಗಳನ್ನು ಸಾಕುವವರು ಎಲ್ಲಿಂದಲೋ ತರಿಸುತ್ತಿರಲೇಬೇಕು. ಮೋಟರ್ ಅಂಗಡಿಗಳನ್ನು ಬಿಟ್ಟು ಅವರನ್ನು ಹಿಡಿದೆ. ಮೂರೇ ವಾರದಲ್ಲಿ ಸುಮಾರು 2,600 ರೂಪಾಯಿಗೆ ಜೋಡಿ ಕೈಸೇರಿತು. ಯಾರ ಮೂಲಕ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನದ ವಿಷಯ.

ಕಾಯುವ ಹೊತ್ತಿನಲ್ಲಿ ವೈರು ಜೋಡಿಸುವ ಟರ್ಮಿನಲ್ ಪ್ಲೇಟ್ ಒಡೆದಿದ್ದರಿಂದ ಅದಕ್ಕೆ ಬದಲಾಗಿ ಸಾಗುವಾನಿ ತುಂಡನ್ನು ಅಗಸೆ ಎಣ್ಣೆಯಲ್ಲಿ ಕುದಿಸಿ ನೋಡಿದೆ. ಬಿಸಿಲಿನಲ್ಲಿ ಚೆನ್ನಾಗಿತ್ತು; ಎರಡು ದಿನ ಜಡಿಮಳೆ ಹಿಡಿದಾಗ ಮೆಗ್ಗರ್ ಕುಸಿಯಿತು. ತೆಪ್ಪಗೆ 6 ಮಿ.ಮೀ. ಹೈಲಮ್ ಎಂಬ ಇನ್ಸುಲೇಷನ್ ಶೀಟ್ ಕೊಯ್ದು ಹಾಕಿದೆ. ಮುರಿದ ಫ್ಯಾನಿನ ಜಾಗಕ್ಕೆ ಈಗಿನ ಮೋಟರಿನ ಪ್ಲಾಸ್ಟಿಕ್ ಫ್ಯಾನನ್ನು ಲೇತಿನಲ್ಲಿ ಬೋರ್ ಮಾಡಿಸಿದರೆ ಸಾಕಾಯಿತು.

ಬುಷ್ ತೆಗೆದ ಮೇಲೆ ಕವರಿನ ಗೂಡು ತುಸು ಸಡಿಲವಾಗಿತ್ತು. ಪಂಚ್ ಹೊಡೆದು ಬಿಗಿ ಮಾಡುವ ಕೆಲಸ ನನಗೆ ಆಗದು. ಬೇರೆ ಉಪಾಯ ಮಾಡಿದೆ, ಏನೆಂದು ಕೇಳಬೇಡಿ. ಬೇರಿಂಗನ್ನು ಎಣ್ಣೆಯಲ್ಲಿ ಬಿಸಿ ಮಾಡಿ ಶಾಫ್ಟಿಗೆ ಬಿಟ್ಟಾಗ ಸುತ್ತಿಗೆಯ ಅಗತ್ಯವೇ ಬೀಳಲಿಲ್ಲ.

ಗಿರಣಿಯಲ್ಲಿ ರಾಗಿ ಹಾಕಿ, ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಿಡಿದರೆ ಮೂರು ಫೇಸಿನಲ್ಲೂ 4 ಆಂಪಿಯರ್ ಚಿಲ್ಲರೆ. ನಾಲ್ಕು ಗಂಟೆ ಓಡಿದ ಮೇಲೂ ಬೇರಿಂಗಿನ ಮೇಲೆ ಅಂಗೈ ಇಟ್ಟು ನಿಲ್ಲಬಹುದಿತ್ತು. ಕಳೆದುಕೊಂಡ 2,200 ಬಿಟ್ಟು, ಗಿರಣಿಯವರಿಗೆ ಕೂಲಿ ಸೇರಿ ಸುಮಾರು 5,500 ಬಿಲ್ ಮಾಡಿದೆ. ಗುಜರಿಗೆ ಹಾಕೆಂದಿದ್ದ ಪಕ್ಕದ ಬೀದಿಯ ರೀವೈಂಡರ್ ಮೊನ್ನೆ ಅಂಥದ್ದೇ ಒಂದು ಮೋಟರಿನ ಬೇರಿಂಗ್ ಹಿಡಿದುಕೊಂಡು ನನ್ನ ಅಂಗಡಿಗೆ ಬಂದಿದ್ದರು. ನಂಬರ್ ಓದಿ ಹೇಳಿದೆ, ಅಂಗಡಿ ಹೇಳಲಿಲ್ಲ.