ಊರ ಮಳೆ, ಬಾವಿ, ಹುಲ್ಲುಗಾವಲು: ವರ್ಷಾನುಗಟ್ಟಲೆ ಲೆಕ್ಕ ಇಡುವುದು ಹೇಗೆ?

ಗದಗ ಸೀಮೆಯ ಮಳೆ ಒಂದು ಹೊಲ ತೋಯಿಸಿ ಪಕ್ಕದ ಊರನ್ನು ಒಣಗಿಸಿಯೇ ಬಿಟ್ಟು ಹೋಗುತ್ತದೆ. ಹೋಬಳಿಯ ಮಳೆಮಾಪಕದ ಅಂಕಿ ನಿಮ್ಮ ಹೊಲಕ್ಕೆ ಹೊಂದುತ್ತದೆಂಬ ಭರವಸೆ ಇಲ್ಲ. ನಿಮ್ಮೂರಿನ ಅಂಕಿ ಬೇಕೆಂದರೆ ನೀವೇ ಬರೆದಿಡಬೇಕು. ಇದಕ್ಕೆ ದುಬಾರಿ ಯಂತ್ರ ಬೇಡ. ಜಾಗ, ಹೊತ್ತು, ಅಳತೆ ಮೂರೂ ಬದಲಾಗದಿದ್ದರೆ ಸಾಕು.

ಮೊದಲು ಮಳೆಮಾಪಕ. 5 ಲೀಟರಿನ ಕ್ಯಾನ್, ಅದರ ಬಾಯಿಗೆ ಲಾಳಿಕೆ, ಲಾಳಿಕೆಯ ಮೇಲೆ 160 ಮಿ.ಮೀ. ಪಿವಿಸಿ ಪೈಪಿನ ಗೇಣುದ್ದದ ತುಂಡನ್ನು ನೆಟ್ಟಗೆ ಕೂರಿಸಿ ಸಂದು ಮುಚ್ಚಿ. ಬರೀ ಲಾಳಿಕೆ ಇಟ್ಟರೆ ರಭಸದ ಹನಿ ಸಿಡಿದು ಹೊರಗೆ ಹೋಗುತ್ತದೆ. ತಪ್ಪಾಗುವುದು ಮುಂದಿನ ಲೆಕ್ಕದಲ್ಲಿ: 160 ಎಂಬುದು ಪೈಪಿನ ಹೊರ ಅಳತೆ. ಒಳ ಅಳತೆ 15 ಸೆಂ.ಮೀ. ಇದ್ದರೆ ಬಾಯಿಯ ವಿಸ್ತೀರ್ಣ ಸುಮಾರು 177 ಚದರ ಸೆಂ.ಮೀ.; ಅಂದರೆ 17.7 ಮಿ.ಲೀ. ನೀರು 1 ಮಿ.ಮೀ. ಮಳೆಗೆ ಸಮ. ಕ್ಯಾನಿನ ನೀರನ್ನು ಮಿ.ಲೀ.ನಲ್ಲಿ ಅಳೆದು 17.7ರಿಂದ ಭಾಗಿಸಿದರೆ ಮಳೆ ಎಷ್ಟೆಂದು ತಿಳಿಯುತ್ತದೆ. ಹೊರ ಅಳತೆಯನ್ನೇ ಹಿಡಿದು ಭಾಗಿಸಿದರೆ ಪ್ರತಿ ಮಳೆಯೂ ಶೇ 12ರಷ್ಟು ಕಡಿಮೆ ಬರುತ್ತದೆ.

ಕ್ಯಾನನ್ನು ಇಟ್ಟಿಗೆ ಕಟ್ಟಿದ ಗುಂಡಿಯಲ್ಲಿಡಿ, ಬಾಯಿ ನೆಲದಿಂದ 30 ಸೆಂ.ಮೀ. ಮೇಲಿರಲಿ. ಹೀಗಿಟ್ಟರೆ ನೀರು ಆವಿಯಾಗುವುದು ಕಡಿಮೆ. ಮಾಳಿಗೆಯ ಮೇಲಂತೂ ಬೇಡ. ಅಲ್ಲಿನ ಗಾಳಿ ಹನಿಯನ್ನು ಹಾರಿಸಿಕೊಂಡು ಹೋಗುತ್ತದೆ. 8 ಮೀಟರ್ ಎತ್ತರದ ಬೇವಿನ ಮರವಿದ್ದರೆ ಕನಿಷ್ಠ 16 ಮೀಟರ್ ದೂರ ಸರಿಯಿರಿ. ಎರಿ (ಕಪ್ಪು ಮಣ್ಣಿನ) ನೆಲದಲ್ಲಿ ಇನ್ನೊಂದು ತಾಪತ್ರಯವಿದೆ. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮಾಪಕ ಒಂದು ಕಡೆ ವಾಲುತ್ತದೆ. ಗುಂಡಿಯ ಸುತ್ತ ಗರಸು ತುಂಬಿ. ಮುಂಗಾರಿಗೆ ಮುಂಚೆ ಒಮ್ಮೆ, ಹಿಂಗಾರಿ ಮುಗಿದ ಮೇಲೆ ಒಮ್ಮೆ ಬಾಯಿಯ ಮೇಲೆ ಅಡ್ಡ-ಉದ್ದ ರಸಮಟ್ಟ ಇಟ್ಟು ನೋಡಿ.

ಅಳೆಯುವ ಹೊತ್ತು ಬೆಳಿಗ್ಗೆ 8.30. ಹವಾಮಾನ ಇಲಾಖೆಯೂ ಇದೇ ಹೊತ್ತಿಗೆ ಅಳೆಯುವುದರಿಂದ ಅಂಕಿಗಳನ್ನು ತಾಳೆ ನೋಡಬಹುದು. ಮಳೆಯಿಲ್ಲದ ದಿನ 0 ಬರೆಯಿರಿ. ನೋಡಲಾಗದ ದಿನ ‘ನೋಡಿಲ್ಲ’ ಎಂದೇ ಬರೆಯಿರಿ. ಬರಗಾಲದ ಲೆಕ್ಕ ಕೆಡುವುದು ಹೆಚ್ಚಾಗಿ ಈ ಖಾಲಿ ಬಿಟ್ಟ ಮನೆಗಳಿಂದಲೇ. ಎರಡು ದಿನದ ನೀರು ಒಟ್ಟಿಗೆ ಸಿಕ್ಕರೆ ಅದನ್ನು ಅರ್ಧರ್ಧ ಹಂಚಬೇಡಿ, ‘2 ದಿನದ್ದು’ ಎಂದು ಬರೆಯಿರಿ. ಒಬ್ಬರು ಊರಲ್ಲಿಲ್ಲದಾಗ ನೋಡಲು ಇನ್ನೊಬ್ಬರಿಗೂ ಕಲಿಸಿಡಿ.

ಬಾವಿಗೆ ತಿಂಗಳಿಗೊಂದು ಸಲ ಸಾಕು. ಪಂಪು ಇಳಿಸಿರುವ ಬೋರಿನೊಳಗೆ ಟೇಪು ಬಿಟ್ಟರೆ ಕೇಬಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಬಳಕೆಯಿಲ್ಲದ ಬೋರು ಅಥವಾ ತೆರೆದ ಬಾವಿ ಆರಿಸಿ. ಕೇಸಿಂಗಿನ (ಬೋರಿನ ಬಾಯಿಗೆ ಇಳಿಸಿದ ಕೊಳವೆಯ) ಅಂಚಿಗೆ ಇಲ್ಲವೇ ಬಾವಿಯ ಕಟ್ಟೆಗೆ ಬಣ್ಣದ ಗುರುತು ಹಾಕಿ, ಯಾವಾಗಲೂ ಅಲ್ಲಿಂದಲೇ ಅಳೆಯಿರಿ. ಉಕ್ಕಿನ ಟೇಪಿನ ಕೊನೆಯ ಒಂದು ಮೀಟರಿಗೆ ಸೀಮೆಸುಣ್ಣ ಬಳಿದು ಇಳಿಸಿದರೆ ನೀರು ತಾಗಿದ್ದು ಎಲ್ಲಿಯವರೆಗೆ ಎಂಬುದು ಕಪ್ಪಗೆ ಕಾಣುತ್ತದೆ. ಗುರುತಿನ ಹತ್ತಿರದ ಅಂಕಿಯಿಂದ ತೋಯ್ದ ಉದ್ದವನ್ನೂ, ಕೇಸಿಂಗ್ ಅಥವಾ ಕಟ್ಟೆ ನೆಲದ ಮೇಲೆ ಎದ್ದಿರುವ ಎತ್ತರವನ್ನೂ ಕಳೆಯಿರಿ; ಉಳಿದದ್ದೇ ನೆಲದಿಂದ ನೀರಿಗಿರುವ ಆಳ. ನಸುಕಿನಲ್ಲೇ, ಸುತ್ತಲಿನ ಪಂಪು ಶುರುವಾಗುವ ಮುಂಚೆ ಅಳೆಯಬೇಕು. ತ್ರೀ ಫೇಸ್ ಕರೆಂಟ್ ರಾತ್ರಿ ಬರುವ ವಾರವಾದರೆ ಪಂಪು ನಿಂತು ಎಷ್ಟು ಹೊತ್ತಾಯಿತೆಂದು ಪಕ್ಕದಲ್ಲಿ ಬರೆಯಿರಿ.

ಹುಲ್ಲಿಗೆ ಗೋಮಾಳದಲ್ಲಿ 50 ಮೀಟರ್ ಹಗ್ಗ ಎಳೆಯಿರಿ. ಅರ್ಧ ಮೀಟರಿಗೊಂದು ಗುರುತು ಹಾಕಿದರೆ 100 ಗುರುತು. ಪ್ರತಿ ಗುರುತಿನ ಕೆಳಗೆ ಹುಲ್ಲೋ, ಗಿಡವೋ, ಕಲ್ಲೋ, ಬರಿ ಮಣ್ಣೋ ಎಂದು ಎಣಿಸಿದರೆ ಬರುವುದೇ ಶೇಕಡಾ. ಅಕ್ಟೋಬರಿನಲ್ಲಿ, ಏಪ್ರಿಲಿನಲ್ಲಿ ಒಮ್ಮೊಮ್ಮೆ ಮಾಡಿ, ಅಲ್ಲೇ ಒಂದು ಫೋಟೊ ತೆಗೆಯಿರಿ. ಕಪ್ಪತಗುಡ್ಡ ವನ್ಯಜೀವಿಧಾಮ, ಅದರೊಳಗೆ ಮಾಡುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಸೂಕ್ಷ್ಮತೆಯ ಚಿತ್ರಗಳು ಪುಕ್ಕಟೆ ಸಿಗುತ್ತವೆ, ಆದರೆ ಮುಂಗಾರಿನಲ್ಲಿ ಮೋಡವೇ ಹೆಚ್ಚು. ಮೇಲಾಗಿ ಕಡಲೆ ಹೊಲದ ಹಸಿರೂ ಹುಲ್ಲಿನ ಹಸಿರೂ ಅದರಲ್ಲಿ ಹೆಚ್ಚು ಕಡಿಮೆ ಒಂದೇ ಆಗಿ ಕಾಣುವುದರಿಂದ ಹಗ್ಗದ ಲೆಕ್ಕ ಬಿಡಬೇಡಿ.

ಹವಾಮಾನದ ಸರಾಸರಿಗೆ 30 ವರ್ಷದ ಅಂಕಿ ಬೇಕು. ಅಷ್ಟರೊಳಗೆ ಕ್ಯಾನ್ ಒಡೆಯುತ್ತದೆ, ಮರ ಬೆಳೆಯುತ್ತದೆ. ಏನೇ ಬದಲಿಸಿದರೂ ದಿನಾಂಕ ಬರೆಯಿರಿ. ಮಾಪಕದ ಜಾಗ ಬದಲಿಸುವುದು ಅನಿವಾರ್ಯವಾದರೆ ಒಂದು ಮಳೆಗಾಲ ಹಳೆಯದನ್ನೂ ಹೊಸದನ್ನೂ ಜೊತೆಗೇ ಅಳೆಯಿರಿ.