ಶೇವಿಂಗ್ ಉರಿಗೆ ಮೊದಲು ತಣ್ಣೀರು, ಆಮೇಲೆ ಬಿಡುವು

ಶೇವ್ ಮಾಡಿದ ಸ್ವಲ್ಪ ಹೊತ್ತಿಗೇ ಕುತ್ತಿಗೆ ಕೆಂಪಾಗಿ ಚುರುಚುರು ಅನ್ನುತ್ತದೆ, ಅಲ್ವಾ? ಕಂಕುಳು, ಕಾಲುಗಳಲ್ಲೂ ಹೀಗಾಗುವುದುಂಟು. ಕೂದಲಿನ ಜೊತೆ ಚರ್ಮದ ಮೇಲ್ಪದರವನ್ನೂ ಬ್ಲೇಡ್ ಕೆರೆದಿರುತ್ತದೆ. ಏನೇನೋ ಹಚ್ಚುವ ಆತುರ ಬೇಡ.

ಮೊದಲು ತಣ್ಣೀರಿನಲ್ಲಿ ತೊಳೆದು ನೊರೆ ಪೂರ್ತಿ ತೆಗೆಯಿರಿ. ಶುಭ್ರವಾದ ಹತ್ತಿ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ, ಹಿಂಡಿ, ಉರಿಯುವ ಕಡೆ ಹತ್ತು ನಿಮಿಷ ಇಡಿ. ಬಟ್ಟೆಯ ತಂಪು ಹೋದರೆ ಮತ್ತೆ ಅದ್ದಿ. ಐಸ್ ನೇರವಾಗಿ ಇಡಬೇಡಿ. ಟವೆಲಿನಿಂದ ಉಜ್ಜದೆ, ಮೆಲ್ಲಗೆ ಒತ್ತಿ ಒರೆಸಿ.

ಆಮೇಲೆ ಸುವಾಸನೆ ಇಲ್ಲದ ಮಾಯಿಶ್ಚರೈಸರ್ ಅಥವಾ ಲೋಳೆಸರದ ಜೆಲ್ ತೆಳುವಾಗಿ ಸವರಿ. ಆಲ್ಕೋಹಾಲ್ ಇರುವ ಆಫ್ಟರ್‌ಶೇವ್ ಮಾತ್ರ ಬೇಡವೇ ಬೇಡ. ಉರಿದರೆ ಒಳ್ಳೆಯದು ಅಂತ ಬಹಳ ಜನ ನಂಬಿದ್ದಾರೆ. ಆದರೆ ಅದು ಕೆರಳಿದ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ. ತುರಿಕೆ ಜಾಸ್ತಿಯಿದ್ದರೆ 1% ಹೈಡ್ರೋಕಾರ್ಟಿಸೋನ್ ಕ್ರೀಮ್ ಒಂದೆರಡು ದಿನ ಹಚ್ಚಬಹುದು. ಅದು ಸ್ಟೀರಾಯ್ಡ್, ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಉರಿ, ಕೆಂಪು ಇಳಿಯುವವರೆಗೂ ರೇಜರ್ ಮುಟ್ಟಬೇಡಿ.

ಒಂದೆರಡು ದಿನ ಬಿಟ್ಟು ಗುಳ್ಳೆ ಎದ್ದರೆ ಅದು ಬೇರೆ ಸಮಸ್ಯೆ. ಕತ್ತರಿಸಿದ ಕೂದಲಿನ ಚೂಪು ತುದಿ ಬಾಗಿ ಚರ್ಮಕ್ಕೇ ಚುಚ್ಚಿಕೊಂಡಿರುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಕೆಲವು ಗುಳ್ಳೆಗಳಲ್ಲಿ ಸುರುಳಿ ಸುತ್ತಿದ ಕೂದಲು ಕಾಣುತ್ತದೆ. ಗುಂಗುರು ಕೂದಲಿನವರಿಗೆ ಇದರ ಕಾಟ ಜಾಸ್ತಿ. ಚಿವುಟಿದರೆ ಸೋಂಕು ತಗಲಬಹುದು, ಕಲೆಯೂ ಉಳಿಯಬಹುದು. ದಿನವೂ ಬೆಚ್ಚಗಿನ ಒದ್ದೆ ಬಟ್ಟೆ ಇಟ್ಟು, ಕೆಲವು ವಾರ ಶೇವಿಂಗ್ ಬಿಡುವುದೇ ಒಳ್ಳೆಯದು. ಬಿಡಲು ಆಗದಿದ್ದರೆ ಟ್ರಿಮ್ಮರ್‌ನಿಂದ ಚೂರು ಕೂದಲು ಉಳಿಸಿ ಕತ್ತರಿಸಿ.

ಮುಂದಿನ ಸಲ ಸ್ನಾನ ಮುಗಿದ ಕೂಡಲೇ ಶೇವ್ ಮಾಡಿ, ಕೂದಲು ಮೆತ್ತಗಾಗಿರುತ್ತದೆ. ಜೆಲ್ ಅಥವಾ ಕ್ರೀಮ್ ಹಚ್ಚದೆ ಸುಮ್ನೆ ನೀರಲ್ಲಿ ಕೆರೆಯಬೇಡಿ. ಕೂದಲು ಯಾವ ಕಡೆ ಬೆಳೆದಿದೆ ಅಂತ ಬೆರಳಾಡಿಸಿ ನೋಡಿ: ನುಣ್ಣಗೆ ಜಾರುವ ದಿಕ್ಕಿಗೇ ಬ್ಲೇಡ್ ಎಳೆಯಬೇಕು. ಕುತ್ತಿಗೆಯಲ್ಲಿ ಈ ದಿಕ್ಕು ಇಂಚಿಂಚಿಗೂ ಬದಲಾಗುತ್ತದೆ, ಅಲ್ಲೇ ಎಡವುವುದು. ಚರ್ಮ ಬಿಗಿಯಾಗಿ ಎಳೆಯಬೇಡಿ, ಒತ್ತಬೇಡಿ, ಒಂದೇ ಜಾಗಕ್ಕೆ ಮತ್ತೆಮತ್ತೆ ಹೋಗಬೇಡಿ. ಪ್ರತಿ ಎಳೆತಕ್ಕೂ ಬ್ಲೇಡ್ ತೊಳೆಯಿರಿ. ಐದರಿಂದ ಏಳು ಶೇವ್ ಆದ ಮೇಲೆ ಬ್ಲೇಡ್ ಬದಲಾಯಿಸಿ. ಇನ್ನೊಬ್ಬರ ರೇಜರ್ ಬಳಸಲೇಬೇಡಿ.

ಕೀವು ತುಂಬಿದ್ದರೆ, ನೋವು ಅಥವಾ ಕೆಂಪು ಹರಡುತ್ತಿದ್ದರೆ, ಜ್ವರ ಬಂದರೆ ಮನೆಮದ್ದು ನಿಲ್ಲಿಸಿ ಚರ್ಮದ ಡಾಕ್ಟರಿಗೆ ತೋರಿಸಿ.