ನಾಕೌಟ್ ಚಾರ್ಟ್ ತುಂಬೋದು ಹೇಗೆ, ಯಾರಿಗೆ ಜೈ ಅನ್ನೋದು?

ಫುಟ್‌ಬಾಲ್ ವಿಶ್ವಕಪ್ಪಿನ ನಾಕೌಟ್ (ಸೋತವರು ಹೊರಬೀಳುವ) ಪಂದ್ಯಗಳಲ್ಲಿ ಯಾರು ಗೆಲ್ಲುತ್ತಾರೆಂದು ಬಳಗದವರೆಲ್ಲ ಬರೆದು ಪೈಪೋಟಿ ನಡೆಸುವ ಊಹೆ ಚಾರ್ಟನ್ನು ಗುಂಪು ಪಂದ್ಯಗಳು ಮುಗಿಯುವ ಮೊದಲು ಹಂಚಲೇಬೇಡಿ. 48 ತಂಡಗಳ ಮಾದರಿಯಲ್ಲಿ 12 ಗುಂಪುಗಳ ಮೊದಲೆರಡು ತಂಡಗಳ ಜೊತೆಗೆ ಮೂರನೇ ಸ್ಥಾನ ಪಡೆದವುಗಳಲ್ಲಿ ಉತ್ತಮವಾದ 8 ತಂಡಗಳೂ ಮೇಲೇರುತ್ತವೆ. ಆ 8 ಯಾವ ಗುಂಪಿನವು ಎಂಬುದಕ್ಕೇ 495 ಸಾಧ್ಯತೆ ಇವೆ, ಯಾರೆದುರು ಯಾರು ಎಂಬುದು ಅದನ್ನೇ ನೆಚ್ಚಿಕೊಂಡಿದೆ. ಅವಸರ ಮಾಡಿದರೆ ಹಾಳೆ ರದ್ದಿಗೆ ಹೋಗುತ್ತದೆ.

ಕೊನೆಯ ಗುಂಪು ಪಂದ್ಯ ಮುಗಿದ ಕೂಡಲೇ 32 ಹೆಸರುಗಳನ್ನು ಎ-3 ಹಾಳೆಯಲ್ಲಿ ಬರೆದು ಜೆರಾಕ್ಸ್ ಮಾಡಿಸಿ. ಪೆನ್ನಿನಲ್ಲೇ ತುಂಬಬೇಕು. ಮೊದಲ ಪಂದ್ಯಕ್ಕೆ ಒಂದು ತಾಸು ಮುಂಚೆ ಎಲ್ಲರೂ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಲಿ, ಆಮೇಲೆ ತಿದ್ದಿದ್ದು ಲೆಕ್ಕಕ್ಕಿಲ್ಲ. ಜಗಳ ಹುಟ್ಟುವುದು ತಾರೀಖಿನಲ್ಲಿ: ಪಂದ್ಯ ನ್ಯೂಯಾರ್ಕಿನಲ್ಲಿದ್ದರೆ ಅಲ್ಲಿನ ಮಧ್ಯಾಹ್ನ 3 ಗಂಟೆ ಎಂದರೆ ನಮಗೆ ನಡುರಾತ್ರಿ 12:30, ಅಂದರೆ ಮರುದಿನ. ಹಾಗಾಗಿ ‘ಭಾನುವಾರ ರಾತ್ರಿ ಕಳೆದು ಸೋಮವಾರ 12:30’ ಎಂದೇ ಬರೆಯಿರಿ.

ಅಂಕ ಕೊಡುವಾಗ ಪ್ರತಿ ಸುತ್ತಿಗೂ ದುಪ್ಪಟ್ಟು ಮಾಡುವುದು (1, 2, 4, 8, 16) ರೂಢಿ. ಹಾಗೆ ಮಾಡಿದರೆ ಚಾಂಪಿಯನ್ ಹೆಸರು ಸರಿ ಬರೆದವನೇ ಬಹುಪಾಲು ಗೆಲ್ಲುತ್ತಾನೆ, ಮೊದಲ ಸುತ್ತಿನ 16 ಪಂದ್ಯ ತಲೆಕೆಡಿಸಿಕೊಂಡವನ ಶ್ರಮ ನೀರುಪಾಲು. 1, 2, 3, 5, 8 ಇಟ್ಟರೆ ಒಟ್ಟು 62 ಅಂಕವಾಗುತ್ತದೆ, ಪೈಪೋಟಿ ಕೊನೆವರೆಗೂ ಉಳಿಯುತ್ತದೆ. ಸೆಮಿಫೈನಲ್ ಸೋತವರಿಬ್ಬರು ಆಡುವ ಮೂರನೇ ಸ್ಥಾನದ ಪಂದ್ಯ ಬಿಟ್ಟುಬಿಡಿ. ಗೋಲುಗಳ ಊಹೆ ಬೇಡ, ಮುಂದಿನ ಸುತ್ತಿಗೆ ಹೋದ ತಂಡಕ್ಕಷ್ಟೇ ಅಂಕ. 2022ರಲ್ಲಿ ಮೊರೊಕ್ಕೊ-ಸ್ಪೇನ್ ಪಂದ್ಯ ಹೆಚ್ಚುವರಿ ಸಮಯವೂ ಸೇರಿ 120 ನಿಮಿಷ 0-0 ಇತ್ತು, ಮೊರೊಕ್ಕೊ ಗೆದ್ದದ್ದು ಪೆನಾಲ್ಟಿ ಶೂಟೌಟಿನಲ್ಲಿ. ‘ಡ್ರಾ ಅಲ್ವೇನಪ್ಪ’ ಎಂಬ ವಾದಕ್ಕೆ ಈ ನಿಯಮ ಬಾಗಿಲು ಹಾಕುತ್ತದೆ. ಅಂಕ ಸಮವಾದರೆ ಫೈನಲ್‌ನ ಒಟ್ಟು ಗೋಲು ಎಷ್ಟೆಂದು ಹತ್ತಿರ ಊಹಿಸಿದವರು ಮುಂದೆ. ಅಲ್ಲಿ ಪೆನಾಲ್ಟಿ ಶೂಟೌಟ್ ಎಣಿಸಬಾರದು.

ಇನ್ನು ಯಾರಿಗೆ ಜೈ? ಸೆಮಿಫೈನಲ್ ಹೊತ್ತಿಗೆ ನೀವು ಮುಂದಿರುವವನಿಗಿಂತ 6 ಅಂಕ ಹಿಂದಿದ್ದೀರಿ ಎಂದುಕೊಳ್ಳಿ. ಒಂದು ಪಂದ್ಯದಲ್ಲಿ ಇಬ್ಬರೂ ಅರ್ಜೆಂಟೀನಾ ಬರೆದಿದ್ದರೆ ಅದು ಗೆದ್ದರೂ ಸೋತರೂ ಅಂತರ ಅಷ್ಟೇ, ಆರಾಮಾಗಿ ನೋಡಿ. ಇನ್ನೊಂದರಲ್ಲಿ ಅವನು ಫ್ರಾನ್ಸ್, ನೀವು ಮೊರೊಕ್ಕೊ: ಕಿರುಚಬೇಕಾದದ್ದು ಇಲ್ಲಿ. ಮೊರೊಕ್ಕೊ ಗೆದ್ದರೆ ಅಂತರ 1ಕ್ಕೆ ಇಳಿಯುತ್ತದೆ. ಆದರೆ ಚಾಂಪಿಯನ್ ಮನೆಯಲ್ಲೂ ಇಬ್ಬರದು ಒಂದೇ ಹೆಸರಿದ್ದರೆ ಆ ಒಂದು ಅಂಕ ತುಂಬುವ ದಾರಿಯೇ ಇಲ್ಲ. ಅದಕ್ಕೇ 40 ಜನರ ಬಳಗದಲ್ಲಿ 25 ಮಂದಿ ಬ್ರೆಜಿಲ್ ಬರೆಯುತ್ತಾರೆ ಎನಿಸಿದರೆ, ಗೆಲ್ಲುವ ತಾಕತ್ತಿರುವ ಬೇರೆ ತಂಡವನ್ನು ಹಿಡಿಯಿರಿ. ನಾಲ್ಕೈದು ಜನರ ಬಳಗವಾದರೆ ಬಲಿಷ್ಠ ತಂಡವೇ ಸಾಕು, ಸಾಹಸ ಬೇಡ. ಮೆಸ್ಸಿ ಮೇಲಿನ ಪ್ರೀತಿಗೆ ಅರ್ಜೆಂಟೀನಾ ಬರೆಯುವವರನ್ನು ಯಾವ ಲೆಕ್ಕವೂ ತಡೆಯುವುದಿಲ್ಲ, ಅದು ಬೇರೆ ಮಾತು.

ಸುತ್ತಿನಿಂದ ಸುತ್ತಿಗೆ ಹೊಸದಾಗಿ ಊಹಿಸುವ ಪದ್ಧತಿ ಇಟ್ಟುಕೊಂಡಿದ್ದರೆ ಹಳದಿ ಕಾರ್ಡು (ತಪ್ಪಾಟಕ್ಕೆ ಕೊಡುವ ಎಚ್ಚರಿಕೆ, ಎರಡು ಸೇರಿದರೆ ಆಟಗಾರನಿಗೆ ಮುಂದಿನ ಪಂದ್ಯ ತಪ್ಪುತ್ತದೆ) ಮರೆಯಬೇಡಿ. 2014ರ ಸೆಮಿಫೈನಲ್‌ಗೆ ಬ್ರೆಜಿಲ್ ನಾಯಕ ಥಿಯಾಗೊ ಸಿಲ್ವಾ ಕಾರ್ಡಿನಿಂದಾಗಿ ಹೊರಗಿದ್ದ, ನೇಮರ್ ಗಾಯಗೊಂಡಿದ್ದ. ಜರ್ಮನಿ 7-1 ಬಾರಿಸಿತು. ಹಿಂದಿನ ಪಂದ್ಯ 120 ನಿಮಿಷ ಎಳೆಯಿತೇ, ನಡುವೆ ಎಷ್ಟು ದಿನ ಬಿಡುವಿತ್ತು ಎಂಬುದನ್ನೂ ನೋಡಿ. ಹಾಗೆಂದು ಅದನ್ನೇ ನಂಬಿ ಕೂರಬೇಡಿ: 2018ರಲ್ಲಿ ಕ್ರೊಯೇಷಿಯಾ ಸತತ ಮೂರು ಪಂದ್ಯ ಹೆಚ್ಚುವರಿ ಸಮಯ ಆಡಿಯೂ ಫೈನಲ್ ತಲುಪಿತ್ತು.

ಪಣಕ್ಕೆ ದುಡ್ಡು ಇಡಬೇಡಿ, ಅದು ಜೂಜಾಗುತ್ತದೆ. ಕೊನೆಯ ಮೂವರು ಸೇರಿ ಎಲ್ಲರಿಗೂ ಒಗ್ಗರಣೆ-ಮಿರ್ಚಿ ಕೊಡಿಸಲಿ. 12:30ರ ಪಂದ್ಯ ಪೆನಾಲ್ಟಿವರೆಗೆ ಹೋದರೆ ಮೂರು ದಾಟುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬೆಳಗಿನ ಪಾಳಿಗೆ ಹೋಗುವವರು ಆ ವಾರದ ಪಾಳಿಯನ್ನು ಮೊದಲೇ ಬದಲಿಸಿಕೊಂಡಿರಬೇಕು.